ಜಠರ ಕ್ಯಾನ್ಸರ್‌ನ ಅಪರೂಪದ ಮರುಕಳಿಕೆಗಳಿಗೆ ಶಸ್ತ್ರಚಿಕಿತ್ಸೆ

ಜಠರದ ಕ್ಯಾನ್ಸರ್ ಗಡ್ಡೆಯನ್ನು ಪೂರ್ತಿ ತೆಗೆದು, ಕೊಯ್ದ ಅಂಚಿನಲ್ಲಿ ರೋಗದ ಕೋಶ ಉಳಿದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲೂ ಅದೇ ರೋಗ ಮತ್ತೆ ಕಾಣಿಸಿಕೊಂಡರೆ ಅದನ್ನು ಮರುಕಳಿಕೆ ಎನ್ನುತ್ತಾರೆ. ಬಹುಪಾಲು ರೋಗಿಗಳಲ್ಲಿ ಅದು ಒಂದೇ ಸಲಕ್ಕೆ ಹಲವು ಕಡೆ ಹರಡಿಕೊಂಡು ಬರುತ್ತದೆ. ಅಂಥ ರೋಗಕ್ಕೆ ಇಡೀ ಮೈಯನ್ನು ಮುಟ್ಟುವ ಔಷಧಿಯೇ ಚಿಕಿತ್ಸೆ. ಗಡ್ಡೆ ತೆಗೆಯುವ ಆಪರೇಷನ್ನಿನಿಂದ ಆಯುಸ್ಸು ಹೆಚ್ಚುವುದಿಲ್ಲ. ಕೆಲವೇ ಕೆಲವರಲ್ಲಿ ಮಾತ್ರ ಅದು ಒಂದು ಅಂಗಕ್ಕೆ, ಕೆಲವೊಮ್ಮೆ ಒಂದೇ ಗಂಟಿಗೆ ಸೀಮಿತವಾಗಿರುತ್ತದೆ: ಉಳಿಸಿದ ಜಠರದ ತುಂಡಿನಲ್ಲಿ, ಯಕೃತ್ತಿನಲ್ಲಿ, ಅಂಡಾಶಯದಲ್ಲಿ, ಮಹಾಪಧಮನಿಯ ಪಕ್ಕದ ದುಗ್ಧಗ್ರಂಥಿಗಳಲ್ಲಿ, ಇನ್ನೂ ವಿರಳವಾಗಿ ಗುಲ್ಮ, ಅಡ್ರಿನಲ್ ಗ್ರಂಥಿ, ಶ್ವಾಸಕೋಶ, ಮಿದುಳು ಅಥವಾ ಹಳೆಯ ಹೊಲಿಗೆಯ ಗಾಯದಲ್ಲಿ. ಈ ಲೇಖನದ ವಿಷಯ ಇಂಥ ಮರುಕಳಿಕೆಗಳು. ಇವನ್ನು ತೆಗೆಯುವ ಕೌಶಲ ಇಂದು ಪುಣೆಯಂಥ ನಗರಗಳಲ್ಲಿ ಇದೆ. ಆದ್ದರಿಂದ ನಿಜವಾದ ಪ್ರಶ್ನೆ ಯಾರಲ್ಲಿ ತೆಗೆಯಬೇಕು ಎಂಬುದು. ಲಭ್ಯವಿರುವ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಎರಡನೆಯ ಆಪರೇಷನ್ ಎಷ್ಟು ದೊಡ್ಡದು ಎಂಬುದಕ್ಕಿಂತ ರೋಗಿಯ ಆಯ್ಕೆ ಎಷ್ಟು ಸರಿಯಾಗಿತ್ತು ಎಂಬುದೇ ಫಲವನ್ನು ನಿರ್ಧರಿಸುತ್ತದೆ, ಆ ಆಯ್ಕೆಗೆ ಆಧಾರವಾಗುವುದು ಮೊದಲ ಆಪರೇಷನ್ನಿನ ಗುಣಮಟ್ಟ ಮತ್ತು ಅದರ ದಾಖಲೆ.

ಇತಿಹಾಸ

ಜಠರ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗುವುದೇ ಮರುಕಳಿಕೆಯೊಂದಿಗೆ. ಪ್ಯಾರಿಸ್ಸಿನ ಜೂಲ್ ಪೆಯಾಂ 1879ರಲ್ಲಿ, ಪೋಲಿಷ್ ವೈದ್ಯ ಲುಡ್ವಿಕ್ ರಿಡಿಗಿಯರ್ 1880ರಲ್ಲಿ ಜಠರದ ಕೆಳತುದಿಯ ಗಡ್ಡೆ ತೆಗೆದರಾದರೂ ಅವರ ರೋಗಿಗಳು ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋತ್ 43 ವರ್ಷದ ಮಹಿಳೆಯೊಬ್ಬರಲ್ಲಿ ಅದೇ ಭಾಗವನ್ನು ತೆಗೆದು, ಉಳಿದ ಜಠರವನ್ನು ಸಣ್ಣಕರುಳಿಗೆ ಹೊಲಿದರು. ಹೊಲಿಗೆ ನಿಂತಿತು, ಆಕೆ ಚೇತರಿಸಿಕೊಂಡರು, ಊಟ ಮಾಡಿದರು. ಸುಮಾರು 4 ತಿಂಗಳಲ್ಲಿ ಮರಳಿ ಬಂದ ಕ್ಯಾನ್ಸರ್‌ನಿಂದ ತೀರಿಕೊಂಡರು. 1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದು ಯಶಸ್ವಿಯಾದರು. ಅವರ ರೋಗಿ ಜಠರವಿಲ್ಲದೆ ಸುಮಾರು 14 ತಿಂಗಳು ಬದುಕಿದರು. ಕೊನೆಗೆ ಬಂದದ್ದು ಅದೇ ರೋಗ. ಅಂಗವನ್ನು ತೆಗೆಯುವ ವಿದ್ಯೆ ಕೈವಶವಾದ ಹೊತ್ತಿಗೇ ರೋಗ ಅಂಗದ ಎಲ್ಲೆಯನ್ನು ದಾಟಿರುತ್ತದೆ ಎಂಬುದೂ ತಿಳಿದುಹೋಗಿತ್ತು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಹಿಳೆಯರ ದಾಖಲೆಗಳನ್ನು ಓದಿ, ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬ ವಿಚಾರವನ್ನು ಮುಂದಿಟ್ಟರು. ಜಠರದ ರೋಗ ಯಕೃತ್ತಿಗೆ, ಅಂಡಾಶಯಕ್ಕೆ, ಉದರಪೊರೆಗೆ ಹೋಗಿ ನೆಲೆಯೂರುವ ರೀತಿಗೂ ಈ ಹೋಲಿಕೆ ಒಪ್ಪುತ್ತದೆ.

20ನೆಯ ಶತಮಾನದ ನಡುವೆ ಅಮೆರಿಕದ ಮಿನೆಸೋಟದಲ್ಲಿ ಓವೆನ್ ವ್ಯಾಂಗನ್‌ಸ್ಟೀನ್ ಧೈರ್ಯದ ಉಪಾಯವೊಂದನ್ನು ಹೂಡಿದರು. ದುಗ್ಧಗ್ರಂಥಿಗಳಿಗೆ ರೋಗ ಹರಡಿದ್ದವರಲ್ಲಿ, ಯಾವ ತೊಂದರೆಯೂ ಕಾಣಿಸದಿದ್ದರೂ, ಕೆಲವು ತಿಂಗಳ ನಂತರ ಹೊಟ್ಟೆಯನ್ನು ಮತ್ತೆ ತೆರೆದು ಉಳಿದ ರೋಗವನ್ನು ಹುಡುಕಿ ತೆಗೆಯುವುದು. ಇದಕ್ಕೆ ‘ಎರಡನೆಯ ನೋಟ’ ಎಂಬ ಹೆಸರು ಬಂತು. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಕೆಲವರಿಗೆ ಅದರಿಂದ ಉಪಕಾರವಾಯಿತು, ಜಠರ ಕ್ಯಾನ್ಸರ್‌ನಲ್ಲಿ ನಿರಾಶೆಯೇ ಹೆಚ್ಚು. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಆದರೆ ಅದು ಬಿಟ್ಟುಹೋದ ಪಾಠ ಈಗಲೂ ಸಲ್ಲುತ್ತದೆ: ಬೇಗ ಹುಡುಕಿದ ಮಾತ್ರಕ್ಕೆ ರೋಗ ವಶವಾಗುವುದಿಲ್ಲ. ಅದು ಹರಡುವ ಸ್ವಭಾವದ್ದಾಗಿದ್ದರೆ ಎಷ್ಟು ಬೇಗ ಕಂಡರೂ ಕೈಮೀರಿರುತ್ತದೆ.

ಮರುಕಳಿಕೆಯ ದಾರಿಗಳು

ರೋಗ ಮರಳುವುದಕ್ಕೆ ಮೂರು ಮುಖ್ಯ ದಾರಿಗಳಿವೆ. ಮೊದಲನೆಯದು ಆಪರೇಷನ್ ನಡೆದ ಜಾಗ ಮತ್ತು ಸುತ್ತಲಿನ ದುಗ್ಧಗ್ರಂಥಿಗಳು. ಎರಡನೆಯದು ರಕ್ತದ ಮೂಲಕ ಯಕೃತ್ತು, ಶ್ವಾಸಕೋಶ, ಮೂಳೆ. ಮೂರನೆಯದು ಹೊಟ್ಟೆಯ ಒಳಗೋಡೆಯನ್ನೂ ಕರುಳುಗಳನ್ನೂ ಹೊದ್ದಿರುವ ಉದರಪೊರೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗವನ್ನು ಪೂರ್ತಿ ತೆಗೆದಿದ್ದ 1172 ಜನರ ಪೈಕಿ 496 ಜನರಲ್ಲಿ, ಎಂದರೆ ನೂರಕ್ಕೆ 42 ಮಂದಿಯಲ್ಲಿ ಅದು ಮರುಕಳಿಸಿತ್ತು. ವಿವರ ದೊರೆತ ಮರುಕಳಿಕೆಗಳಲ್ಲಿ ನೂರಕ್ಕೆ 79 ಮೊದಲ 2 ವರ್ಷದೊಳಗೇ ಬಂದಿದ್ದವು, ಮತ್ತು ಮರುಕಳಿಕೆ ಪತ್ತೆಯಾದ ಮೇಲೆ ಅರ್ಧದಷ್ಟು ಜನ 6 ತಿಂಗಳೊಳಗೆ ತೀರಿಕೊಂಡಿದ್ದರು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬೇಕು. ಸಾಮಾನ್ಯವಾಗಿ ಮರುಕಳಿಕೆ ಬೇಗ ಬರುತ್ತದೆ, ಬಲವಾಗಿ ಬರುತ್ತದೆ ಎಂಬುದು ಮೊದಲ ಓದು. ತಡವಾಗಿ, ಒಂಟಿಯಾಗಿ ಬಂದದ್ದು ಬೇರೆಯೇ ಸ್ವಭಾವದ್ದಿರಬಹುದು, ಅದನ್ನು ಉಳಿದವುಗಳ ಲೆಕ್ಕಕ್ಕೆ ಸೇರಿಸಿ ಕೈಬಿಡಬಾರದು ಎಂಬುದು ಎರಡನೆಯ ಓದು. ಶಸ್ತ್ರಚಿಕಿತ್ಸೆಯ ಕಿರಿದಾದ ಅವಕಾಶ ಹುಟ್ಟುವುದು ಈ ಎರಡನೆಯ ಗುಂಪಿನಲ್ಲಿ.

ರೋಗದ ಬಗೆಯೂ ದಾರಿಯನ್ನು ನಿರ್ಧರಿಸುತ್ತದೆ. 1965ರಲ್ಲಿ ಫಿನ್ಲೆಂಡಿನ ಪೆಕ್ಕ ಲೌರೆನ್ ಜಠರ ಕ್ಯಾನ್ಸರನ್ನು ಎರಡು ಬಗೆಯಾಗಿ ವಿಂಗಡಿಸಿದರು. ಕರುಳಿನ ಬಗೆಯಲ್ಲಿ ಕೋಶಗಳು ಗ್ರಂಥಿಯ ಆಕಾರದಲ್ಲಿ ಒಟ್ಟುಗೂಡಿ ಗಡ್ಡೆ ಕಟ್ಟುತ್ತವೆ; ಅದು ಯಕೃತ್ತಿಗೆ ಹೋಗುವುದು ಹೆಚ್ಚು. ಚದುರಿದ ಬಗೆಯಲ್ಲಿ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳದೆ ಜಠರದ ಗೋಡೆಯೊಳಗೆ ನುಸುಳುತ್ತವೆ. ಅದಕ್ಕೆ ಉದರಪೊರೆ ಮತ್ತು ಅಂಡಾಶಯದ ಕಡೆ ಒಲವು. ಹಾಗಾಗಿ ಮೊದಲ ಬಯಾಪ್ಸಿ ವರದಿಯ ಒಂದು ಪದ, ಮೂರು ವರ್ಷದ ನಂತರ ಸ್ಕ್ಯಾನಿನಲ್ಲಿ ಕಂಡ ಕಲೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಹೇಳುತ್ತದೆ.

ಅಪರೂಪದ ನೆಲೆಗಳು

ಉಳಿಸಿದ ಜಠರದ ತುಂಡಿನಲ್ಲಿ ಅಥವಾ ಜೋಡಣೆಯ ಹೊಲಿಗೆಯ ಬಳಿ ಮಾತ್ರ ಬಂದ ರೋಗ ಶಸ್ತ್ರಚಿಕಿತ್ಸೆಗೆ ಹೆಚ್ಚು ಅನುಕೂಲವಾದದ್ದು. ಇಲ್ಲಿ ಮೊದಲು ಇತ್ಯರ್ಥವಾಗಬೇಕಾದ ಸಂಗತಿ, ಅದು ಹಳೆಯ ರೋಗ ಮರಳಿದ್ದೋ ಹೊಸದಾಗಿ ಹುಟ್ಟಿದ್ದೋ ಎಂಬುದು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರಲ್ಲಿ ವರ್ಷಗಳ ಮೇಲೆ ಉಳಿದ ತುಂಡಿನಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಅಮೆರಿಕದ ಡೊನಾಲ್ಡ್ ಬಾಲ್ಫರ್ 1922ರಲ್ಲೇ ವಿವರಿಸಿದ್ದರು. ಹೊಸದಾದರೆ ಅದಕ್ಕೆ ಮೊದಲ ಕ್ಯಾನ್ಸರ್‌ನ ಹಾಗೆಯೇ ಪೂರ್ಣ ಚಿಕಿತ್ಸೆ ಸಲ್ಲಬೇಕು. ಎರಡರಲ್ಲೂ ಮಾಡುವ ಆಪರೇಷನ್ ಉಳಿದ ಜಠರವನ್ನೆಲ್ಲ ತೆಗೆದು ಅನ್ನನಾಳವನ್ನು ಸಣ್ಣಕರುಳಿಗೆ ಜೋಡಿಸುವುದೇ ಆದರೂ ನಿರೀಕ್ಷೆ ಬೇರೆ. ಜಠರವನ್ನು ಹಿಂದೆ ಸಣ್ಣಕರುಳಿನ ಎರಡನೆಯ ಭಾಗಕ್ಕೆ ಜೋಡಿಸಿದ್ದರೆ ರೋಗ ಆ ಕರುಳಿನ ಮಡಿಕೆಯ ದುಗ್ಧಗ್ರಂಥಿಗಳಿಗೂ ಇಳಿದಿರಬಹುದು. ಅವನ್ನೂ ತೆಗೆಯದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ಯಕೃತ್ತಿನಲ್ಲಿ ಬಂದ ಒಂಟಿ ಗಡ್ಡೆ ಎರಡನೆಯ ನೆಲೆ. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹೋದಾಗ ಅದನ್ನು ಕೊಯ್ದು ತೆಗೆಯುವುದು ಇಂದು ವಾಡಿಕೆಯ ಚಿಕಿತ್ಸೆ. ಅದೇ ವಾದವನ್ನು ಜಠರಕ್ಕೂ ಹಾಗೆಯೇ ಎತ್ತಿಡುವುದು ತಪ್ಪು, ಏಕೆಂದರೆ ಜಠರದ ರೋಗ ಯಕೃತ್ತಿಗೆ ಬಂದ ಹೊತ್ತಿಗೆ ಬಹಳ ಸಲ ಉದರಪೊರೆಗೂ ಗ್ರಂಥಿಗಳಿಗೂ ಹೋಗಿರುತ್ತದೆ. ಆದರೂ ಜಾಗರೂಕವಾಗಿ ಆಯ್ದ ರೋಗಿಗಳ ವರದಿಗಳಲ್ಲಿ ಯಕೃತ್ತಿನ ಶಸ್ತ್ರಚಿಕಿತ್ಸೆಯ ನಂತರ ಐವರಲ್ಲಿ ಸುಮಾರು ಒಬ್ಬರು 5 ವರ್ಷ ದಾಟಿದ್ದಾರೆ. ಗಡ್ಡೆ ಒಂದೇ ಇದ್ದು, ಚಿಕ್ಕದಾಗಿದ್ದು, ಮೊದಲ ಆಪರೇಷನ್ ಆಗಿ ವರ್ಷ ಕಳೆದಿದ್ದರೆ ಫಲ ಉತ್ತಮ. ಜಪಾನಿನ ಚಿಕಿತ್ಸಾ ಮಾರ್ಗಸೂಚಿಯೂ ಒಂಟಿ ಗಡ್ಡೆಯಲ್ಲಿ, ಬೇರೆಲ್ಲೂ ರೋಗವಿಲ್ಲದಿದ್ದರೆ, ಇದನ್ನು ಪರಿಗಣಿಸಬಹುದೆಂದು ಹೇಳುತ್ತದೆ. ಎಲ್ಲರಿಗೂ ಮಾಡಿ ಎನ್ನುವುದಿಲ್ಲ.

ಅಂಡಾಶಯದ ಗಡ್ಡೆಗೆ ಜರ್ಮನಿಯ ಫ್ರೀಡ್ರಿಶ್ ಕ್ರೂಕೆನ್‌ಬರ್ಗ್ ಅವರ ಹೆಸರು ನಿಂತಿದೆ. 1896ರಲ್ಲಿ ಇದನ್ನು ವಿವರಿಸಿದಾಗ ಅವರು ಅಂಡಾಶಯದಲ್ಲೇ ಹುಟ್ಟುವ ಹೊಸ ರೋಗವೆಂದು ಬಗೆದಿದ್ದರು. ಅದು ಜಠರದಿಂದ ಬಂದದ್ದೆಂದು 1902ರಲ್ಲಿ ಶ್ಲಾಗೆನ್‌ಹೌಫರ್ ತೋರಿಸಿದರು. ಮುಟ್ಟು ನಿಲ್ಲದ ವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚು. ಜಠರದ ಆಪರೇಷನ್ ಆದ ಹೆಂಗಸೊಬ್ಬರಿಗೆ ಕೆಳಹೊಟ್ಟೆ ಊದಿಕೊಂಡರೆ, ಮುಟ್ಟು ಏರುಪೇರಾದರೆ, ಅದನ್ನು ಬರೀ ಸ್ತ್ರೀರೋಗವೆಂದು ತಳ್ಳಿಹಾಕದೆ ಹಳೆಯ ಕಾಗದ ತೆಗೆದು ನೋಡಬೇಕು. ಉದರಪೊರೆಯಲ್ಲಿ ರೋಗವಿಲ್ಲದೆ ಅಂಡಾಶಯಕ್ಕೆ ಮಾತ್ರ ಸೀಮಿತವಾದಾಗ ಎರಡೂ ಅಂಡಾಶಯಗಳನ್ನು ತೆಗೆದವರು, ಔಷಧಿ ಮಾತ್ರ ಪಡೆದವರಿಗಿಂತ ಹೆಚ್ಚು ಕಾಲ ಬದುಕಿದ ವರದಿಗಳು ಅನೇಕ. ಅಂಡಾಶಯದ ಗಡ್ಡೆ ಕಿಮೋಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲ ಎಂಬುದೂ ಇಲ್ಲಿ ಶಸ್ತ್ರಚಿಕಿತ್ಸೆಯ ಪರವಾದ ಕಾರಣ.

ಮಹಾಪಧಮನಿಯ ಪಕ್ಕದ ಗ್ರಂಥಿಗಳ ವಿಷಯ ಇನ್ನೂ ಸೂಕ್ಷ್ಮ. ಮೊದಲ ಆಪರೇಷನ್ನಿನಲ್ಲೇ ಮುಂಜಾಗ್ರತೆಗೆಂದು ಎಲ್ಲರಲ್ಲೂ ಅವನ್ನು ತೆಗೆಯುವುದರಿಂದ ಲಾಭವಿಲ್ಲವೆಂದು ಜಪಾನಿನ 523 ರೋಗಿಗಳ ಪ್ರಯೋಗ 2008ರಲ್ಲಿ ಸಾಬೀತುಮಾಡಿತು: 5 ವರ್ಷ ಬದುಕಿದವರು ಒಂದು ಗುಂಪಿನಲ್ಲಿ ನೂರಕ್ಕೆ 69, ಇನ್ನೊಂದರಲ್ಲಿ 70. ಆದರೆ ಅಲ್ಲಿ ರೋಗ ನಿಜವಾಗಿ ಇದ್ದು, ಮೊದಲು ಕಿಮೋಥೆರಪಿ ಕೊಟ್ಟು ಆಮೇಲೆ ತೆಗೆದ ಇನ್ನೊಂದು ಜಪಾನೀ ಅಧ್ಯಯನದಲ್ಲಿ 3 ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರು. ಗುಲ್ಮ, ಅಡ್ರಿನಲ್, ಶ್ವಾಸಕೋಶ, ಹೊಕ್ಕುಳು, ಲ್ಯಾಪರೋಸ್ಕೋಪಿಯ ರಂಧ್ರದ ಗಾಯ, ಚರ್ಮ ಇವುಗಳಲ್ಲಿ ಒಂಟಿಯಾಗಿ ಬಂದ ರೋಗದ ಬಗ್ಗೆ ಇರುವುದು ಬಿಡಿ ವರದಿಗಳು; ಅವುಗಳಿಂದ ಸಾಧ್ಯತೆಯನ್ನು ತಿಳಿಯಬಹುದು, ನಿಯಮ ಮಾಡಲಾಗದು. ಮಿದುಳಿನ ಒಂಟಿ ಗಡ್ಡೆಯನ್ನು ತೆಗೆದು ರೇಡಿಯೇಷನ್ ಕೊಡುವುದರ ಮುಖ್ಯ ಗುರಿ ರೋಗಿಯ ಪ್ರಜ್ಞೆ, ಮಾತು, ನಡಿಗೆ ಉಳಿಸುವುದು.

ಸಾಕ್ಷ್ಯ ಮತ್ತು ಆಕ್ಷೇಪಗಳು

ಮೊದಲ ಆಕ್ಷೇಪ ಆಸೆಯ ಕಡೆಯಿಂದ ಬರುತ್ತದೆ. ಎರಡನೆಯ ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಬದುಕಿದ್ದಾರೆ ಎಂದಮೇಲೆ ಎಲ್ಲರಿಗೂ ಏಕೆ ಮಾಡಬಾರದು? ಉತ್ತರ ಜರ್ಮನಿಯ ಎರಡು ಅಧ್ಯಯನಗಳಲ್ಲಿದೆ. 2017ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ, ಸೀಮಿತವಾಗಿ ಹರಡಿದ ರೋಗವಿದ್ದ 60 ಜನರಿಗೆ ಕಿಮೋಥೆರಪಿ ಕೊಟ್ಟು, ಒಗ್ಗಿದ 36 ಜನರಿಗೆ ಆಪರೇಷನ್ ಮಾಡಲಾಯಿತು. ಆಪರೇಷನ್ ಆದವರ ಮಧ್ಯಕ ಆಯುಸ್ಸು, ಎಂದರೆ ಅರ್ಧದಷ್ಟು ಜನ ದಾಟಿದ ಅವಧಿ, 31 ತಿಂಗಳು, ಆಗದವರದು 16 ತಿಂಗಳು. ಮೇಲ್ನೋಟಕ್ಕೆ ಶಸ್ತ್ರಚಿಕಿತ್ಸೆ ಆಯುಸ್ಸನ್ನು ಇಮ್ಮಡಿಸಿದಂತಿದೆ. ಆದರೆ ಆಪರೇಷನ್‌ಗೆ ಹೋದವರು ಔಷಧಿಗೆ ಬಗ್ಗಿದ ರೋಗದವರು, ಮೈಯಲ್ಲಿ ಬಲವಿದ್ದವರು. ಅವರು ಆಪರೇಷನ್ ಇಲ್ಲದೆಯೂ ಹೆಚ್ಚು ಬದುಕುತ್ತಿದ್ದರೋ ಏನೋ. ಇದನ್ನು ಬಿಡಿಸಲು ಅದೇ ತಂಡ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಇನ್ನೊಂದು ಪ್ರಯೋಗ ನಡೆಸಿತು. 2024ರಲ್ಲಿ ಹೊರಬಂದ ಆ ಫಲಿತಾಂಶದಲ್ಲಿ 139 ಜನರ ಪೈಕಿ ಆಪರೇಷನ್ ಗುಂಪಿನ ಮಧ್ಯಕ ಆಯುಸ್ಸು 18.5 ತಿಂಗಳು, ಕಿಮೋಥೆರಪಿಯಲ್ಲೇ ಮುಂದುವರಿದವರದು 23.6 ತಿಂಗಳು. ಜಪಾನ್, ಕೊರಿಯಾ, ಸಿಂಗಪುರಗಳ 175 ರೋಗಿಗಳ ರೆಗಟ್ಟಾ ಪ್ರಯೋಗ 2016ರಲ್ಲೇ ಇದೇ ಎಚ್ಚರಿಕೆ ಕೊಟ್ಟಿತ್ತು: ರೋಗ ಬೇರೆಡೆ ಉಳಿದಿರುವಾಗ ಜಠರ ತೆಗೆದವರ ಮಧ್ಯಕ ಆಯುಸ್ಸು 14.3 ತಿಂಗಳು, ತೆಗೆಯದವರದು 16.6.

ಎರಡನೆಯ ಆಕ್ಷೇಪ ತದ್ವಿರುದ್ಧ ದಿಕ್ಕಿನದು. ಹಾಗಾದರೆ ಮರುಕಳಿಸಿದ ಯಾರಿಗೂ ಆಪರೇಷನ್ ಬೇಡ ಎಂದು ಏಕೆ ಹೇಳಬಾರದು? ಏಕೆಂದರೆ ಮೇಲಿನ ಪ್ರಯೋಗಗಳು ಮೊದಲ ಭೇಟಿಯಲ್ಲೇ ಹರಡಿದ್ದ ರೋಗದ ಮೇಲೆ ನಡೆದವು. ಮೊದಲ ಆಪರೇಷನ್ ಆಗಿ ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಒಂದೇ ಕಡೆ ತಲೆಯೆತ್ತಿದ ರೋಗ ಅವುಗಳೊಳಗೆ ಸೇರುವುದಿಲ್ಲ. ಜೊತೆಗೆ 2024ರ ಪ್ರಯೋಗದೊಳಗೂ ದೂರದ ದುಗ್ಧಗ್ರಂಥಿಗಳಿಗಷ್ಟೇ ರೋಗ ಹೋಗಿದ್ದವರು ಆಪರೇಷನ್ನಿನಿಂದ ಲಾಭ ಪಡೆದಂತೆ ಕಂಡಿತು. ಉದರಪೊರೆಗೆ ಹೋಗಿದ್ದವರಿಗೆ ಕೆಡುಕೇ ಆಯಿತು. ಚಿಕ್ಕ ಗುಂಪುಗಳ ಈ ಸೂಚನೆಯನ್ನು ತೀರ್ಪೆಂದು ಹಿಡಿಯಬಾರದು. ಆದರೂ ಅದು ಹಳೆಯ ಅನುಭವಕ್ಕೆ ಹೊಂದುತ್ತದೆ. ಒಂಟಿ ಮರುಕಳಿಕೆ ಎಷ್ಟು ವಿರಳವೆಂದರೆ, ಪ್ರತಿ ನೆಲೆಗೂ ಬೇರೆ ಬೇರೆ ಪ್ರಯೋಗ ನಡೆಸುವಷ್ಟು ರೋಗಿಗಳು ಎಲ್ಲಿಯೂ ಸಿಗುವುದಿಲ್ಲ. ಸಾಕ್ಷ್ಯ ತೆಳುವಾಗಿರುವಲ್ಲಿ ಎಲ್ಲರಿಗೂ ಮಾಡುವುದೂ ಯಾರಿಗೂ ಮಾಡದಿರುವುದೂ ಸುಲಭದ ದಾರಿಗಳು. ಒಬ್ಬೊಬ್ಬರನ್ನೂ ತೂಗಿ ನೋಡುವುದು ಕಷ್ಟದ ದಾರಿ, ಆದರೆ ನ್ಯಾಯವಾದದ್ದು ಅದೇ.

ಉದರಪೊರೆಯ ರೋಗಕ್ಕೆ ಪೊರೆಯನ್ನೇ ಸುಲಿದು ತೆಗೆದು, ಬಿಸಿಮಾಡಿದ ಔಷಧಿಯ ದ್ರವದಿಂದ ಹೊಟ್ಟೆಯನ್ನು ತೊಳೆಯುವ ಚಿಕಿತ್ಸೆಯ ಪ್ರಚಾರ ಭಾರತದ ದೊಡ್ಡ ಊರುಗಳಲ್ಲೂ ಜೋರಾಗಿದೆ. ಜರ್ಮನಿಯ 105 ರೋಗಿಗಳ ಪ್ರಯೋಗದಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಜೊತೆಗೆ ಬಿಸಿ ದ್ರವ ಪಡೆದವರೂ ಪಡೆಯದವರೂ ಒಂದೇ ಆಯುಸ್ಸು ಕಂಡರು, 14.9 ತಿಂಗಳು, ರೋಗ ಮತ್ತೆ ಬೆಳೆಯುವುದು ಮಾತ್ರ ಸ್ವಲ್ಪ ತಡವಾಯಿತು. ದೀರ್ಘವೂ ದುಬಾರಿಯೂ ಆದ ಇಂಥ ಚಿಕಿತ್ಸೆಯನ್ನು ಮರುಕಳಿಸಿದ ಜಠರ ಕ್ಯಾನ್ಸರ್‌ಗೆ ಅಧ್ಯಯನದ ಚೌಕಟ್ಟಿನ ಹೊರಗೆ ಕೊಡುವುದಕ್ಕೆ ಸದ್ಯಕ್ಕೆ ಬಲವಾದ ಆಧಾರವಿಲ್ಲ. ಹೊಲ ಮಾರಿ ಹಣ ಹೊಂದಿಸುವ ಮನೆಯವರಿಗೆ ಈ ಮಾತನ್ನು ಮೊದಲೇ ಹೇಳಬೇಕು.

ಆಯ್ಕೆಯ ಕ್ರಮ

ಆಯ್ಕೆಗೆ ಐದು ಪ್ರಶ್ನೆಗಳಿವೆ. ಮೊದಲ ಆಪರೇಷನ್ ಆಗಿ ಎಷ್ಟು ಕಾಲವಾಯಿತು? ರೋಗ ಒಂದೇ ಅಂಗದಲ್ಲಿದೆಯೇ? ಕೆಲವು ತಿಂಗಳು ಔಷಧಿ ಕೊಟ್ಟಾಗ ಅದು ಕುಗ್ಗಿತೇ, ಕನಿಷ್ಠ ಹೆಚ್ಚದೆ ನಿಂತಿತೇ? ಒಂದು ಕಣವೂ ಉಳಿಯದಂತೆ ತೆಗೆಯಲು ಸಾಧ್ಯವೇ? ರೋಗಿ ಅದನ್ನು ತಾಳಬಲ್ಲರೇ? ಇವುಗಳಲ್ಲಿ ಔಷಧಿಯ ಪರೀಕ್ಷೆ ಬಹಳ ಮುಖ್ಯ. ಮೂರು ನಾಲ್ಕು ತಿಂಗಳ ಕಾಯುವಿಕೆಯಲ್ಲಿ ಹೊಸ ಗಂಟುಗಳು ತಲೆದೋರಿದರೆ ಆಪರೇಷನ್ ವ್ಯರ್ಥವಾಗುತ್ತಿತ್ತೆಂದು ತಿಳಿಯುತ್ತದೆ. ರೋಗಿಗೆ ಒಂದು ದೊಡ್ಡ ಗಾಯ ತಪ್ಪುತ್ತದೆ. ಇಷ್ಟರಲ್ಲಿ ಹರ್2 ಎಂಬ ಪ್ರೋಟೀನಿನ ಗುರುತು, ಡಿ.ಎನ್.ಎ. ದುರಸ್ತಿಯ ದೋಷದ ಗುರುತು ಇತ್ಯಾದಿಗಳನ್ನು ಗಡ್ಡೆಯ ಮಾದರಿಯಲ್ಲಿ ನೋಡಿರಬೇಕು. ಹರ್2 ಹೆಚ್ಚಿರುವವರಿಗೆ ಟ್ರಾಸ್ಟುಜುಮಾಬ್ ಎಂಬ ಔಷಧಿ ಸೇರಿಸಿದರೆ ಉಪಯೋಗವೆಂದು 2010ರ ಟೋಗ ಪ್ರಯೋಗ ತೋರಿಸಿದೆ, ಡಿ.ಎನ್.ಎ. ದುರಸ್ತಿಯ ದೋಷವಿರುವ ಕೆಲವರಲ್ಲಿ ರೋಗನಿರೋಧಕ ಚಿಕಿತ್ಸೆಯೇ ಆಪರೇಷನ್ನಿನ ಅಗತ್ಯವನ್ನು ಮುಂದೂಡಬಹುದು.

ಸ್ಕ್ಯಾನ್ ಹೇಳಿದ್ದನ್ನು ಕಣ್ಣಿನಿಂದ ನೋಡಿ ಒಪ್ಪಬೇಕು. ಚದುರಿದ ಬಗೆಯ ರೋಗ ಸಕ್ಕರೆಯನ್ನು ಅಷ್ಟಾಗಿ ಹೀರದ ಕಾರಣ ಪೆಟ್ ಸ್ಕ್ಯಾನ್ ಅದನ್ನು ಕಾಣದೆ ಬಿಡಬಹುದು. ಆದ್ದರಿಂದ ದೊಡ್ಡ ಕೊಯ್ತಕ್ಕೆ ಮುಂಚೆ ಲ್ಯಾಪರೋಸ್ಕೋಪಿ. ಸಣ್ಣ ರಂಧ್ರದಿಂದ ಕ್ಯಾಮರಾ ಇಳಿಸಿ ಯಕೃತ್ತಿನ ಮೇಲ್ಮೈ, ವಪೆಯ ಕೆಳಭಾಗ, ಕರುಳಿನ ಮಡಿಕೆಗಳು, ಕಿಬ್ಬೊಟ್ಟೆಯ ತಳ ಇವನ್ನು ಒಂದೊಂದಾಗಿ ನೋಡುತ್ತಾರೆ. ಆರೋಗ್ಯವಂತ ಉದರಪೊರೆ ಒದ್ದೆಯಾಗಿ, ನುಣುಪಾಗಿ, ಬೆಳಕಿಗೆ ಹೊಳೆಯುತ್ತದೆ. ರೋಗ ಬಿದ್ದಲ್ಲಿ ನೆನೆಸಿದ ಸಾಬೂದಾನಿ ಕಾಳಿನಂಥ ಬಿಳಿಯ ಗಂಟುಗಳು ಅಂಟಿಕೊಂಡಿರುತ್ತವೆ. ಮುಟ್ಟಿದರೆ ಗಟ್ಟಿ, ಒರೆಸಿದರೆ ಹೋಗುವುದಿಲ್ಲ. ಅಂಥ ಒಂದು ಕಾಳು ಸಿಕ್ಕರೂ ಅದನ್ನು ಬಯಾಪ್ಸಿಗೆ ಕಳಿಸಿ, ರಂಧ್ರ ಹೊಲಿದು, ಅಲ್ಲಿಗೇ ನಿಲ್ಲಿಸುವುದು ಸರಿ. ಏನೂ ಕಾಣದಿದ್ದರೂ ಹೊಟ್ಟೆಯನ್ನು ಸಲೈನ್‌ನಿಂದ ತೊಳೆದ ನೀರನ್ನು ಪರೀಕ್ಷೆಗೆ ಕಳಿಸಬೇಕು. ಈ ಅರ್ಧ ಗಂಟೆಯ ಕೆಲಸ ಎಷ್ಟೋ ಜನರನ್ನು ನಿಷ್ಫಲ ಆಪರೇಷನ್ನಿನಿಂದ ಉಳಿಸುತ್ತದೆ.

ಮರುಶಸ್ತ್ರಚಿಕಿತ್ಸೆ

ಒಮ್ಮೆ ತೆರೆದ ಹೊಟ್ಟೆ ಎರಡನೆಯ ಸಲ ಹಾಗೇ ಇರುವುದಿಲ್ಲ. ಮೊದಲ ಸಲ ದುಗ್ಧಗ್ರಂಥಿಗಳನ್ನು ಸರಿಯಾಗಿ ತೆಗೆದಿದ್ದರೆ ಯಕೃತ್ತಿಗೂ ಗುಲ್ಮಕ್ಕೂ ಹೋಗುವ ಅಪಧಮನಿಗಳ ಮೇಲಿನ ಕೊಬ್ಬಿನ ಹೊದಿಕೆ ಹೋಗಿ, ಅಲ್ಲೆಲ್ಲ ಗಾಯದ ಗಟ್ಟಿ ನಾರು ಬೆಳೆದಿರುತ್ತದೆ. ಯಕೃತ್ತಿನ ಎಡಭಾಗ ಕೆಳಗಿಳಿದು ಮೇದೋಜೀರಕದ ಮೇಲಂಚಿಗೆ ಅಂಟಿಕೊಂಡಿರುತ್ತದೆ. ಆ ನಾರಿನೊಳಗೆ ಯಾವುದು ಗಾಯ, ಯಾವುದು ರೋಗ ಎಂದು ಬೆರಳಿಗೆ ತಿಳಿಯುವುದಿಲ್ಲ. ಚೂರು ತೆಗೆದು, ಹೆಪ್ಪುಗಟ್ಟಿಸಿ ಕೂಡಲೇ ಪರೀಕ್ಷಿಸುವ ಫ್ರೋಜನ್ ಸೆಕ್ಷನ್‌ಗೆ ಕಳಿಸಿ ಉತ್ತರಕ್ಕೆ ಕಾಯಬೇಕು. ಅನ್ನನಾಳಕ್ಕೆ ಜೋಡಿಸಿದ ಸಣ್ಣಕರುಳಿನ ತುಂಡನ್ನು ಹಿಂದಿನವರು ದೊಡ್ಡಕರುಳಿನ ಮುಂದಿನಿಂದ ಏರಿಸಿದ್ದರೇ, ಹಿಂದಿನಿಂದಲೇ ಎಂಬುದು ಗೊತ್ತಿರಬೇಕು. ಹಿಂದಿನಿಂದಾದರೆ ಅದು ದೊಡ್ಡಕರುಳಿನ ಮಡಿಕೆಯಲ್ಲಿ, ಆ ಕರುಳಿಗೆ ರಕ್ತ ಕೊಡುವ ನಾಳದ ಪಕ್ಕದಲ್ಲೇ ಹಾದಿರುತ್ತದೆ. ಬಿಡಿಸುವಾಗ ನಾಳಕ್ಕೆ ಪೆಟ್ಟಾದರೆ ದೊಡ್ಡಕರುಳಿನ ತುಂಡೊಂದನ್ನೂ ಕಳೆದುಕೊಳ್ಳಬೇಕಾದೀತು. ಮೊದಲ ಆಪರೇಷನ್ನಿನ ವಿವರದಲ್ಲಿ ಈ ಬಗ್ಗೆ ಒಂದು ವಾಕ್ಯವಿದ್ದರೆ ಎರಡನೆಯ ಶಸ್ತ್ರವೈದ್ಯರು ಆ ನಾಳವನ್ನು ಮೊದಲೇ ಗುರುತಿಸಿ ಕಾಪಾಡುತ್ತಾರೆ. ಬಿಡುಗಡೆ ಚೀಟಿಯಲ್ಲಿ ಬರೀ ‘ಜಠರದ ಆಪರೇಷನ್ ಆಗಿದೆ’ ಎಂದಿದ್ದರೆ ಕತ್ತಲಲ್ಲಿ ತಡಕಬೇಕು.

ಮೊದಲ ಆಪರೇಷನ್ನಿನ ಗುಣಮಟ್ಟ ಮರುಕಳಿಕೆಯನ್ನೇ ತಗ್ಗಿಸುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸ್‌ನ ಪ್ರಯೋಗ ಸಾಕ್ಷಿ. ಅಲ್ಲಿ ಜಠರದ ಹತ್ತಿರದ ಗ್ರಂಥಿಗಳನ್ನಷ್ಟೇ ತೆಗೆಯುವುದನ್ನೂ ಎರಡನೆಯ ಸುತ್ತಿನ ಗ್ರಂಥಿಗಳನ್ನೂ ಸೇರಿಸಿ ತೆಗೆಯುವುದನ್ನೂ ಹೋಲಿಸಲಾಯಿತು. ಆರಂಭದಲ್ಲಿ ವಿಸ್ತಾರವಾದ ಆಪರೇಷನ್‌ಗೆ ಒಳಗಾದವರಲ್ಲಿ ನೂರಕ್ಕೆ 10 ಜನ ಆಸ್ಪತ್ರೆಯಲ್ಲೇ ಸತ್ತರು, ಇನ್ನೊಂದರಲ್ಲಿ 4. ವಿಸ್ತಾರದ ವಾದ ಸೋತಂತೆ ಕಂಡಿತು. 15 ವರ್ಷದ ನಂತರ, 2010ರಲ್ಲಿ ನೋಡಿದಾಗ ಜಠರ ಕ್ಯಾನ್ಸರ್‌ನಿಂದಲೇ ಸತ್ತವರು ವಿಸ್ತಾರದ ಗುಂಪಿನಲ್ಲಿ ನೂರಕ್ಕೆ 37, ಇನ್ನೊಂದರಲ್ಲಿ 48; ಅದೇ ಜಾಗದಲ್ಲಿ ರೋಗ ಮರಳಿದ್ದು ನೂರಕ್ಕೆ 12 ಮತ್ತು 22. ಗುಲ್ಮ ಮತ್ತು ಮೇದೋಜೀರಕವನ್ನು ಅನಗತ್ಯವಾಗಿ ತೆಗೆಯದೆ ಇದೇ ಕೆಲಸವನ್ನು ಮಾಡಲು ಬಂದ ಮೇಲೆ ಸಾವಿನ ಭಯ ಕಡಿಮೆಯಾಯಿತು. ಆಪರೇಷನ್ನಿನ ಹಿಂದೆ ಮುಂದೆ ಕಿಮೋಥೆರಪಿ ಕೊಡುವ ಪದ್ಧತಿ 2006ರ ಮ್ಯಾಜಿಕ್ ಪ್ರಯೋಗದಲ್ಲಿ 5 ವರ್ಷ ಬದುಕಿದವರನ್ನು ನೂರಕ್ಕೆ 23ರಿಂದ 36ಕ್ಕೆ ಏರಿಸಿತು; 2019ರ ಫ್ಲಾಟ್ ಪ್ರಯೋಗ ಮಧ್ಯಕ ಆಯುಸ್ಸನ್ನು 35ರಿಂದ 50 ತಿಂಗಳಿಗೆ ತಂದಿತು. ಮರುಕಳಿಕೆಗೆ ಇವಕ್ಕಿಂತ ದೊಡ್ಡ ಚಿಕಿತ್ಸೆ ಯಾವುದೂ ಇಲ್ಲ.

ಪುಣೆ ಮತ್ತು ಗಡಿ ಜಿಲ್ಲೆಗಳು

ಪುಣೆ ಹಳೆಯ ವೈದ್ಯಕೀಯ ನಗರ. ಸಸೂನ್ ಆಸ್ಪತ್ರೆ 1867ರದು, ಕೆ.ಇ.ಎಂ. 1912ರದು, ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1948ರದು, ರೂಬಿ ಹಾಲ್ 1959ರದು. ಲ್ಯಾಪರೋಸ್ಕೋಪಿಯಿಂದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡುವುದರಲ್ಲಿ ಊರಿಗೆ ಹೆಸರಿದೆ. ಗರ್ಭಕಂಠದ ಕ್ಯಾನ್ಸರ್‌ಗೆ ಶೈಲೇಶ್ ಪುಣತಾಂಬೇಕರ್ ಮತ್ತು ಸಂಗಡಿಗರು 2007ರಲ್ಲಿ 248 ರೋಗಿಗಳ ಅನುಭವ ಪ್ರಕಟಿಸಿದ ವಿಧಾನವನ್ನು ವೈದ್ಯ ಸಾಹಿತ್ಯ ‘ಪುಣೆ ತಂತ್ರ’ವೆಂದೇ ಕರೆಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರಿಗೂ ವಿಜಯಪುರ, ಕಲಬುರಗಿಯ ಕಡೆಯವರಿಗೂ ಪುಣೆ ಬೆಂಗಳೂರಿಗಿಂತ ಹತ್ತಿರ. ಆದರೆ ಜಠರ ಕ್ಯಾನ್ಸರ್ ಬೆಂಗಳೂರು, ಚೆನ್ನೈಗಳಲ್ಲಿ ಇರುವಷ್ಟು ಪುಣೆಯಲ್ಲಾಗಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಾಗಲಿ ಇಲ್ಲವೆಂದು ಕ್ಯಾನ್ಸರ್ ನೋಂದಣಿಗಳು ತೋರಿಸುತ್ತವೆ. ರೋಗವೇ ಕಡಿಮೆಯಿದ್ದಲ್ಲಿ ಅದರ ಅಪರೂಪದ ಮರುಕಳಿಕೆ ಒಬ್ಬ ಶಸ್ತ್ರವೈದ್ಯರ ಕೈಗೆ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಹೀಗಾಗಿ ನಿರ್ಧಾರ ಒಬ್ಬರದಾಗಬಾರದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಇರುವುದು ಸುಮಾರು 150 ಕಿಲೋಮೀಟರ್ ದೂರದಲ್ಲಿ. 2012ರಲ್ಲಿ ಶುರುವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಊರೂರಿನ ಆಸ್ಪತ್ರೆಗಳನ್ನು ಕೂಡಿಸಿದೆ. ಕಾಗದಗಳು ಸರಿಯಿದ್ದರೆ ರೋಗಿ ಅಲೆಯದೆಯೇ ಹತ್ತು ಜನ ಬಲ್ಲವರ ಅಭಿಪ್ರಾಯ ಪಡೆಯಬಹುದು.

ಹಳ್ಳಿಯಿಂದ ಬಂದವರು ಆಪರೇಷನ್ ಆದ ಮೇಲೆ ಮರಳಿ ಬರುವುದಿಲ್ಲ, ದಾಖಲೆ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಅನುಸರಣೆಯ ಮಾತೆಲ್ಲ ನಮ್ಮಲ್ಲಿ ನಡೆಯದು ಎಂಬ ಆಕ್ಷೇಪವಿದೆ. ಅದಕ್ಕೆ ಉತ್ತರವನ್ನು ಇದೇ ಸೀಮೆ ಕೊಟ್ಟಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅದರ ಕೆಲಸಗಾರರು ರೋಗಿ ಬರಲೆಂದು ಕಾಯದೆ ಊರೂರು ತಿರುಗಿದರು. ಪಕ್ಕದ ಉಸ್ಮಾನಾಬಾದ್, ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 1,31,746 ಮಹಿಳೆಯರನ್ನು ಸೇರಿಸಿಕೊಂಡು 8 ವರ್ಷ ಬೆನ್ನುಹತ್ತಿದ ಗರ್ಭಕಂಠ ಕ್ಯಾನ್ಸರ್ ಅಧ್ಯಯನ 2009ರಲ್ಲಿ ಪ್ರಕಟವಾಗಿ ಲೋಕದ ಗಮನ ಸೆಳೆಯಿತು. ಲಕ್ಷಕ್ಕೂ ಮಿಕ್ಕಿದ ಹೆಂಗಸರನ್ನು ಎಂಟು ವರ್ಷ ಕಂಡುಕೊಂಡ ಸೀಮೆಗೆ, ಜಠರದ ಆಪರೇಷನ್ ಆದ ಕೆಲವೇ ಮಂದಿಯನ್ನು ಐದು ವರ್ಷ ಕಾಣುವುದು ಅಸಾಧ್ಯವಾಗಲಾರದು. ಪದೇ ಪದೇ ಸ್ಕ್ಯಾನ್ ಮಾಡುವುದರಿಂದ ಆಯುಸ್ಸು ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ, ನಿಜ. ಆದರೆ ಜಠರ ಹೋದವರಿಗೆ ಬಿ12 ಚುಚ್ಚುಮದ್ದು ಬೇಕು, ತೂಕ ನೋಡಬೇಕು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನುವುದನ್ನು ಕಲಿಸಬೇಕು. ಹೀಗೆ ಬಲ ಉಳಿಸಿಕೊಂಡವರೇ, ರೋಗ ಒಂಟಿಯಾಗಿ ಮರಳಿದರೆ, ಎರಡನೆಯ ಆಪರೇಷನ್ ತಾಳಬಲ್ಲವರು.

ಉಪಶಮನ ಮತ್ತು ಒಪ್ಪಿಗೆ

ಗುಣಪಡಿಸಲಾಗದಾಗಲೂ ಶಸ್ತ್ರಚಿಕಿತ್ಸೆಗೆ ಸ್ಥಾನವಿದೆ. ಕರುಳು ಒಂದೇ ಕಡೆ ಕಟ್ಟಿದ್ದರೆ ಸುತ್ತುದಾರಿಯ ಜೋಡಣೆ, ಜೋಡಣೆಯ ಬಾಯಿ ಮುಚ್ಚಿದ್ದರೆ ಎಂಡೋಸ್ಕೋಪಿಯಿಂದ ಸ್ಟೆಂಟ್, ಊಟಕ್ಕಾಗಿ ಸಣ್ಣಕರುಳಿಗೆ ನಳಿಕೆ, ಮುರಿಯಲಿರುವ ಮೂಳೆಗೆ ಆಧಾರ. ಉದರಪೊರೆಯ ರೋಗ ಕರುಳನ್ನು ಹಲವು ಕಡೆ ಕಟ್ಟಿದ್ದರೆ ಇವೂ ಉಪಯೋಗಕ್ಕೆ ಬರುವುದಿಲ್ಲ. ನೋವು ಮತ್ತು ವಾಂತಿಗೆ ಔಷಧಿ ಕೊಟ್ಟು ಮನೆಯಲ್ಲಿ ಇರಲು ನೆರವಾಗುವುದೇ ಚಿಕಿತ್ಸೆ. ರೋಗಿ ಯಾವ ಗುರಿಗಾಗಿ ಟೇಬಲ್ಲಿನ ಮೇಲೆ ಮಲಗುತ್ತಿದ್ದಾರೆ ಎಂಬುದು ಅವರಿಗೂ ಮನೆಯವರಿಗೂ ಮೊದಲೇ ಗೊತ್ತಿರಬೇಕು. 2008ರ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಪರೀಕ್ಷೆಗೆಂದು ಪಡೆದ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಸಲ್ಲದು ಎಂದು ಹೇಳಿದೆ. ಲ್ಯಾಪರೋಸ್ಕೋಪಿಯಲ್ಲಿ ನೋಡಿ ಅಲ್ಲೇ ಮುಂದುವರಿಯುವ ಮರುಶಸ್ತ್ರಚಿಕಿತ್ಸೆಗೆ ಇದು ನೇರವಾಗಿ ಅನ್ವಯಿಸುತ್ತದೆ. ಅಕ್ಕಲಕೋಟೆಯಿಂದಲೋ ಇಂಡಿಯಿಂದಲೋ ಪುಣೆಗೆ ಬಂದವರ ಮುಂದೆ ಮರಾಠಿ ಅಥವಾ ಇಂಗ್ಲಿಷ್ ಅರ್ಜಿ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು. ತಿಳಿಯುವ ಭಾಷೆಯಲ್ಲಿ ನಾಲ್ಕು ಮಾತು ಹೇಳಬೇಕು: ಒಳಗೆ ಕಾಳು ಕಂಡರೆ ನಿಲ್ಲಿಸುತ್ತೇವೆ, ಕಾಣದಿದ್ದರೆ ತೆಗೆಯುತ್ತೇವೆ, ತೆಗೆದರೂ ರೋಗ ಮತ್ತೆ ಬರಬಹುದು, ತೆಗೆಯದಿದ್ದರೂ ನಿಮ್ಮನ್ನು ಬಿಡುವುದಿಲ್ಲ. ಆಸ್ಪತ್ರೆ ಬಿಡುವಾಗ ಆಪರೇಷನ್ನಿನ ಪೂರ್ಣ ವಿವರ, ಬಯಾಪ್ಸಿ ವರದಿ ಮತ್ತು ಸ್ಕ್ಯಾನಿನ ಪ್ರತಿಯನ್ನು ಅವರ ಕೈಗೇ ಕೊಡಬೇಕು. ಮುಂದೆ ಎಂದಾದರೂ ರೋಗ ಮರಳಿ, ಬೇರೆ ಊರಿನ ಬೇರೆ ವೈದ್ಯರು ಅವರ ಹೊಟ್ಟೆಯನ್ನು ತೆರೆಯಬೇಕೋ ಬೇಡವೋ ಎಂದು ಯೋಚಿಸುವಾಗ, ಅವರು ಮೊದಲು ಕೇಳುವುದು ಆ ಕಾಗದಗಳನ್ನೇ.